ಹಸಿವಿನ ಸಾಥೀದಾರ

ಆ ಬೆಳಿಗ್ಗೆ ಏನೇನು ಕೆಡಬಹುದಿತ್ತು ಎಂಬ ಪಟ್ಟಿ ಈಗಲೂ ನನ್ನ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದೆ. ಲಕ್ಷ್ಮೇಶ್ವರದ ಮೊದಲ ಬಸ್ಸು ತಪ್ಪಬಹುದು. ಸಿಕ್ಕರೂ ಅದು ಶಿರಹಟ್ಟಿ ಸುತ್ತು ಹಾಕಿ ಹೋಗುವ ಬಸ್ಸಾಗಿರಬಹುದು. ನನ್ನ ಐಸಿನ ಡಬ್ಬಿಯಲ್ಲಿ ಮೀನಿದೆ ಎಂದುಕೊಂಡು ಕಂಡಕ್ಟರು ಇಳಿಸಿಬಿಡಬಹುದು. ಐಸು ಕರಗಬಹುದು. ಏಳು ವರ್ಷದ ಹುಡುಗಿಯ ಕೈಯಲ್ಲಿ ನರ ಸಿಗದಿರಬಹುದು. ಸಿಕ್ಕಾಗ ನನ್ನ ಕೈ ನಡುಗಬಹುದು. ಹುಡುಗಿ ಕಿರುಚಿಕೊಳ್ಳಬಹುದು, ಅವಳ ಅಜ್ಜಿ ನನ್ನನ್ನು ಹೊಸ್ತಿಲಾಚೆ ಹಾಕಬಹುದು. ರಕ್ತ ಕೆಡದಿರಲೆಂದು ನಳಿಕೆಯಲ್ಲಿ ಮೊದಲೇ ಹಾಕಿಟ್ಟ ಔಷಧಿ ಸೋರಿ ಹೋಗಿರಬಹುದು. ಅಲ್ಲಿನ ಮಕ್ಕಳ ಡಾಕ್ಟರ ದವಾಖಾನೆಯಲ್ಲಿ ಕರೆಂಟು ಹೋಗಿ ರಕ್ತ ತಿರುಗಿಸುವ ಯಂತ್ರ ನಡುವೆಯೇ ನಿಲ್ಲಬಹುದು. ಎಲ್ಲಕ್ಕಿಂತ ದೊಡ್ಡದು, ಕೆಳಗೆ ಎರಡು ಗೆರೆ ಎಳೆದಿದ್ದು: ಹುಡುಗಿ ಎದ್ದು ಏನಾದರೂ ತಿಂದುಬಿಟ್ಟಿರಬಹುದು.

ಹದಿನಾಲ್ಕು ಸಾಲಿನ ಪಟ್ಟಿ ಅದು. ಒಂದೂ ಆಗಲಿಲ್ಲ. ಆಗಿದ್ದು ಹದಿನೈದನೆಯದು, ನಾನು ಬರೆದುಕೊಳ್ಳದೆ ಬಿಟ್ಟಿದ್ದು. ಅದನ್ನು ಹೇಳಲು ನನಗೆ ಸ್ವಲ್ಪ ಧೈರ್ಯ ಕೂಡಬೇಕು. ಅದು ಕೂಡುವವರೆಗೆ ಉಳಿದದ್ದನ್ನು ಹೇಳುತ್ತೇನೆ.

ನಾನು ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದೆ. ಹಳೆಯ ಮಗ್ಗದ ಶೆಡ್ಡಿಗೆ ಬಿಳಿ ಹೆಂಚು ಅಂಟಿಸಿ, ಎರಡು ಎ.ಸಿ. ಕೂಡಿಸಿ ಪ್ರಯೋಗಾಲಯ ಮಾಡಿದ್ದರು. ನಾವು ಗಾಜಿನ ಬಾಟಲಿಯೊಳಗೆ ಜೀವಕೋಶ ಬೆಳೆಸುತ್ತಿದ್ದರೆ ಗೋಡೆಯಾಚೆಯ ಮನೆಯಲ್ಲಿ ಇನ್ನೂ ಮಗ್ಗ ನಡೆಯುತ್ತಿತ್ತು. ಆ ಖಟಾಖಟ್ ನಿಂತ ದಿನ ಕರೆಂಟಿಲ್ಲ ಎಂದು ಅರ್ಥ. ನಮ್ಮ ಗೋಡೆಯ ಮೀಟರಿಗಿಂತ ಮೊದಲು ನೇಕಾರರ ಮಗ್ಗ ನಮಗೆ ಖಬರ್ ಕೊಡುತ್ತಿತ್ತು. ಐವತ್ಮೂರಕ್ಕೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಕೈ ನಡುಗಲು ಶುರುವಾಗಿದೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಕೈಗೆ ಏನೂ ಆಗಿಲ್ಲ, ನೀವು ಕೈ ನಡುಗುತ್ತದೆ ಎಂದು ಹೆದರುವುದರಿಂದ ಕೈ ನಡುಗುತ್ತದೆ ಎಂದರು. ಅಷ್ಟು ಹೊತ್ತಿಗೆ ಅರ್ಜಿ ಮಂಜೂರಾಗಿತ್ತು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಮೊದಲು ಹೇಳಬೇಕಾದ್ದು ಇದು: ಜೀವಕೋಶಗಳು ದನಗಳಿದ್ದಂತೆ. ಭಾನುವಾರ ಎಂದರೆ ಅವಕ್ಕೆ ತಿಳಿಯುವುದಿಲ್ಲ. ಅವುಗಳಿಗೆ ಗುಲಾಬಿ ಬಣ್ಣದ ಒಂದು ದ್ರವ ಹಾಕುತ್ತೇವೆ, ಅದೇ ಅವುಗಳ ಮೇವು. ಮೇವು ಮುಗಿಯುತ್ತ ಬಂದರೆ ಗುಲಾಬಿ ಹಳದಿಯಾಗುತ್ತದೆ. ನನ್ನ ಮದುವೆಯ ಎರಡನೆಯ ದಿನ, ಮನೆ ತುಂಬ ಬೀಗರಿರುವಾಗ, ಬಾಟಲಿ ಹಳದಿಯಾಗಿರಬಹುದು ಎಂಬ ಚಿಂತೆಯಲ್ಲಿ ಸೈಕಲ್ ಹತ್ತಿ ಬಂದಿದ್ದೆ. ಗುಲಾಬಿಯೇ ಇತ್ತು. ಮನೆಯಲ್ಲಿ ಮಾತ್ರ ಬಣ್ಣ ಬದಲಾಗಿತ್ತು.

ನನ್ನ ಮೊದಲ ದೊಡ್ಡ ತಪ್ಪು ದೋಸೆ ಹಿಟ್ಟಿನದು. ಬೇಸಿಗೆ, ಮನೆಯ ಫ್ರಿಜ್ಜು ಕೆಟ್ಟಿತ್ತು. ಹೆಂಡತಿ ರುಬ್ಬಿದ ಹಿಟ್ಟನ್ನು ಪ್ರಯೋಗಾಲಯದ ಫ್ರಿಜ್ಜಿನ ಮೂಲೆಯಲ್ಲಿ ಇಟ್ಟೆ. ಅದು ಉಬ್ಬಿ, ಮುಚ್ಚಳ ಎತ್ತಿ, ಪಕ್ಕದ ಮೇವಿನ ಬಾಟಲಿಗಳ ಮೇಲೆ ಹರಿಯಿತು. ಒರೆಸಿ ಸುಮ್ಮನಾದೆ. ನಾಲ್ಕನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಬಾಟಲಿಯಲ್ಲೂ ಮುತ್ತು ಪೋಣಿಸಿದಂತೆ ಯೀಸ್ಟು. ಮೂರು ತಿಂಗಳ ಕೆಲಸ ಮೋರಿಗೆ ಹೋಯಿತು. ನಮ್ಮ ಮೇಡಮ್ ಬೈಯಲಿಲ್ಲ. ಮರುದಿನ ಫ್ರಿಜ್ಜಿನ ಬಾಗಿಲಿಗೆ ‘ಇಲ್ಲಿ ಊಟದ ಪದಾರ್ಥ ಇಡಬಾರದು, ಬಸಣ್ಣನವರದೂ ಸೇರಿ’ ಎಂಬ ಚೀಟಿ ಇತ್ತು. ನಾನು ಕೆಲಸ ಬಿಡುವ ದಿನವೂ ಅದು ಅಲ್ಲೇ ಇತ್ತು.

ಮೇಡಮ್ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ಗದಗದವರೇ. ಏನೇ ಫಲಿತಾಂಶ ತಂದು ಕೈಗಿಟ್ಟರೂ ಅವರು ಕೇಳುತ್ತಿದ್ದುದು ಒಂದೇ ಮಾತು: “ಕಂಟ್ರೋಲ್ ಏನಂತೈತಿ?” ಎಂದರೆ, ನಾವು ಪರೀಕ್ಷಿಸುವ ಸಂಗತಿಯನ್ನು ಹಾಕದೆ, ಉತ್ತರ ಮೊದಲೇ ಗೊತ್ತಿರುವಂತೆ ಇಟ್ಟ ಸಾಲು ಏನು ಹೇಳುತ್ತದೆ ಎಂದು. ಗೊತ್ತಿರುವ ಸಾಲು ತಪ್ಪು ಹೇಳಿದರೆ ಗೊತ್ತಿಲ್ಲದ ಸಾಲಿನ ಮಾತು ನಂಬಬಾರದು. ಈ ಕೆಲಸದಲ್ಲಿ ನಾನು ಕಲಿತ ಸಮಾಚಾರ ಇಷ್ಟೇ ಎಂದರೂ ನಡೆಯುತ್ತದೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಚೌಕುಳಿ ಗೆರೆಯ ಗಾಜಿನ ಮೇಲೆ ಜೀವಕೋಶಗಳನ್ನು ಒಂದೊಂದಾಗಿ ಕಣ್ಣಿನಿಂದ ಎಣಿಸುತ್ತಿದ್ದೆವು. ನಡುವೆ ಯಾರಾದರೂ ಚಹಾ ಬಂತು ಎಂದರೆ ಮತ್ತೆ ಒಂದರಿಂದ. ಜೀವಕೋಶದೊಳಗಿನ ಸಂಕೇತ ಅಳೆಯಲು ವಿಕಿರಣ ಸೂಸುವ ರಾಸಾಯನಿಕ ಬೇಕಾಗುತ್ತಿತ್ತು, ಅದನ್ನು ಮುಟ್ಟಿದ ದಿನ ನಾನು ಮನೆಗೆ ಹೋಗಿ ಮೂರು ಸಲ ಸ್ನಾನ ಮಾಡುತ್ತಿದ್ದೆ. ಆಮೇಲೆ ಬಂದ ವಿಧಾನದಲ್ಲಿ ಸಂಕೇತ ಹುಟ್ಟಿದರೆ ಜೀವಕೋಶವೇ ಮಿಣುಕುತ್ತದೆ. ಸಣ್ಣ ಗುಳಿಗಳಿರುವ ತಟ್ಟೆಯನ್ನು ಯಂತ್ರದೊಳಗೆ ತಳ್ಳಿದರೆ ಯಾವ ಗುಳಿ ಎಷ್ಟು ಮಿಣುಕಿತು ಎಂದು ಅದೇ ಬರೆದುಕೊಡುತ್ತದೆ. ಎಣಿಸುವ ಚಿಂತೆ ತಪ್ಪಿತು. ಯಂತ್ರ ಸರಿಯಾಗಿ ಎಣಿಸಿತೋ ಇಲ್ಲವೋ ಎಂಬ ಚಿಂತೆ ಬಂತು.

ನಾವು ಹುಡುಕುತ್ತಿದ್ದುದು ಹಸಿವನ್ನು. ಹೊಟ್ಟೆ ಖಾಲಿಯಾದಾಗ ಅದು ರಕ್ತದಲ್ಲಿ ಒಂದು ಹಾರ್ಮೋನು ಬಿಡುತ್ತದೆ, ಗ್ರೆಲಿನ್ ಎಂದು ಅದರ ಹೆಸರು. ಮಿದುಳಿನ ಕೆಲವು ಜೀವಕೋಶಗಳ ಮೈಮೇಲೆ ಅದನ್ನು ಹಿಡಿಯುವ ಒಂದು ರಿಸೆಪ್ಟರ್ ಇರುತ್ತದೆ. ಹಿಡಿಯಿತೆಂದರೆ ಒಳಗೆ ಸಂಕೇತ ಹೋಗುತ್ತದೆ, ನಮಗೆ ರೊಟ್ಟಿಯ ನೆನಪಾಗುತ್ತದೆ. ಆದರೆ ಈ ರಿಸೆಪ್ಟರಿಗೆ ಒಂದು ವಿಚಿತ್ರ ಚಾಳಿ. ಹಾರ್ಮೋನು ಬರದಿದ್ದರೂ ತನ್ನಷ್ಟಕ್ಕೆ ತಾನೇ ಗುನುಗುತ್ತಿರುತ್ತದೆ.

ಇದನ್ನು ಮೇಡಮ್ ನನಗೆ ತಿಳಿಸಿದ್ದು ಹೀಗೆ. ಗಾಯಕರು ಹಾಡಲು ಕೂತಾಗ ಪಕ್ಕದಲ್ಲಿ ತಬಲಾದವರು, ಪೇಟಿಯವರು ಇರುತ್ತಾರಲ್ಲ, ಸಾಥೀದಾರರು. ಅವರು ಹಾಡುವುದಿಲ್ಲ. ಆದರೆ ಯಾವಾಗ ಎತ್ತಬೇಕು, ಯಾವಾಗ ತಡೆಯಬೇಕು ಎಂಬುದು ಅರ್ಧ ಅವರ ಕೈಯಲ್ಲೇ ಇರುತ್ತದೆ. ರಿಸೆಪ್ಟರಿಗೂ ಹಾಗೆ ಪಕ್ಕದಲ್ಲಿ ಕೂರುವ ಒಂದು ಪ್ರೋಟೀನು ಇದೆ. ಹಾರ್ಮೋನು ಇಲ್ಲದಾಗ ಅದು ರಿಸೆಪ್ಟರಿನ ಗುನುಗು ತಗ್ಗಿಸುತ್ತದೆ. ಹಾರ್ಮೋನು ಬಂದಾಗ ಸಂಕೇತವನ್ನು ಜೋರಾಗಿಸುತ್ತದೆ. ಅದೇ ಸಾಥೀದಾರ ಇನ್ನೊಂದು ರಿಸೆಪ್ಟರಿನ ಪಕ್ಕದಲ್ಲೂ ಕೂರುತ್ತದೆ, ‘ಹೊಟ್ಟೆ ತುಂಬಿತು, ಸಾಕು’ ಎಂದು ಹೇಳುವುದರ ಪಕ್ಕ. ಅಲ್ಲಿ ಅದರ ದನಿ ಏರಿಸುತ್ತದೆ. ಈ ಸಾಥೀದಾರ ಕೆಟ್ಟರೆ ಹಸಿವಿನ ಗುನುಗು ತಗ್ಗುವುದಿಲ್ಲ, ‘ಸಾಕು’ ಎಂಬುದು ಕೇಳಿಸುವುದಿಲ್ಲ.

ಸಲ್ಮಾ ನಮ್ಮ ಕೈಗೆ ಬಂದದ್ದು ಆ ಕಾಲದಲ್ಲಿ. ಲಕ್ಷ್ಮೇಶ್ವರದ ಹುಡುಗಿ, ಎರಡನೆಯ ಇಯತ್ತೆ. ಅಪ್ಪ ಮೌಲಾಸಾಬ ಅರಳೆ ಹಿಂಜಿ ಗಾದಿ ತುಂಬುವವನು. ತಾಯಿ ದಾವಲಬಿ ಗಾದಿಗೆ ಟಾಕು ಹಾಕಿ ಹೊಲಿಯುವವಳು. ಅಜ್ಜಿ ಹುಸೇನಬಿ ಮನೆ ನಡೆಸುವವಳು. ಹುಡುಗಿ ಎರಡು ವರ್ಷದವಳಿರುವಾಗಿನಿಂದ ತಿನ್ನುತ್ತಲೇ ಇದ್ದಳು, ಮೈ ಬೆಳೆಯುತ್ತಲೇ ಇತ್ತು. ರೊಟ್ಟಿಯ ಬುಟ್ಟಿಯನ್ನು ನೆಲುವಿಗೆ ಏರಿಸಿದರೆ ಗಾದಿಯ ಮೇಲೆ ಗಾದಿ ಪೇರಿಸಿ ಹತ್ತುತ್ತಿದ್ದಳಂತೆ. ಅಜ್ಜಿ ಕಪಾಟಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಆಮೇಲೆ ಶಾಲೆಯಲ್ಲಿ ಉಳಿದ ಮಕ್ಕಳ ಡಬ್ಬಿ ಖಾಲಿಯಾಗತೊಡಗಿದವು. ಮಕ್ಕಳು ಅವಳಿಗೆ ಡಬ್ಬಿಗಳ್ಳಿ ಎಂದು ಹೆಸರಿಟ್ಟರು. ಮಾಸ್ತರು ಎರಡು ಸಲ ಮೌಲಾಸಾಬನನ್ನು ಕರೆಸಿದರು. ಓಣಿಯವರು ದಾವಲಬಿಯನ್ನು ಅಂದರು, ತಾಯಿ ತಿದ್ದಲಿಲ್ಲ ಎಂದು.

ಅಲ್ಲಿನ ಮಕ್ಕಳ ಡಾಕ್ಟರಿಗೆ ಯಾಕೋ ಅನುಮಾನ ಬಂತು. ನಮ್ಮ ಮೇಡಮ್‌ಗೆ ಬರೆದರು. ಒಪ್ಪಿಗೆಯ ಕಾಗದಗಳನ್ನು ತೆಗೆದುಕೊಂಡು ನಾನೇ ಹೋದೆ, ಎಲ್ಲವನ್ನೂ ಓದಿ ಹೇಳಿದೆ, ರಕ್ತ ತಂದೆ. ಡಿ.ಎನ್.ಎ. ಓದಿಸಿದಾಗ ಸಾಥೀದಾರ ಪ್ರೋಟೀನಿನ ಬರಹದಲ್ಲಿ ಒಂದು ಅಕ್ಷರ ಬೇರೆಯಾಗಿತ್ತು. ಹಾಗೆ ಬೇರೆಯಾಗುವ ಎಷ್ಟೋ ಅಕ್ಷರಗಳಿಂದ ಏನೂ ಆಗುವುದಿಲ್ಲ. ಇದರಿಂದ ಏನಾದರೂ ಆಗುತ್ತದೆಯೇ ಎಂದು ಜೀವಕೋಶಗಳನ್ನೇ ಕೇಳಬೇಕಿತ್ತು.

ಅಷ್ಟರಲ್ಲಿ ಮನೆಯಲ್ಲಿ ಬೇರೆ ನಿರ್ಧಾರ ನಡೆದಿತ್ತು. ಸಲ್ಮಾಳನ್ನು ಶಾಲೆ ಬಿಡಿಸಿ ಮುಂಡರಗಿಯ ಸೋದರತ್ತೆಯ ಮನೆಗೆ ಕಳಿಸುವುದು. ಅಲ್ಲಿ ಮಕ್ಕಳಿಲ್ಲ, ಡಬ್ಬಿಗಳಿಲ್ಲ, ಸೋದರತ್ತೆಯ ಕೈ ಬಿಗಿ, ಕಲಿಯುತ್ತಾಳೆ ಎಂದು. ಮೌಲಾಸಾಬ ನನಗೆ ಇದನ್ನು ಹೇಳಿದ್ದು, ನಾನು ಡಿ.ಎನ್.ಎ. ವಿಷಯ ತಿಳಿಸಿ ಮರಳುವಾಗ, ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಾಗ, ಮುಖ ಆಚೆ ಮಾಡಿಕೊಂಡು.

“ನಿಮ್ಮ ಮಶೀನಿನ್ಯಾಗ ಅಕೀದೇನೂ ತಪ್ಪಿಲ್ಲಂತ ಬಂದ್ರ ನಮ್ಮವ್ವಗ ಹೇಳಾಕ ಬರತೈತ್ರಿ. ಏನೂ ಬರಲಿಲ್ಲಂದ್ರ ಕಳಸೂದs. ನನಗ ಬ್ಯಾರೆ ಹಾದಿ ಉಳಿದಿಲ್ರಿ.”

ಅಂದಿನಿಂದ ಹುಡುಗಿಯ ಶಾಲೆ ನನ್ನ ಪಿಪೆಟ್ಟಿನ ತುದಿಗೆ ಬಂದು ಕೂತಿತು. ಸುಮ್ಮನಿದ್ದಾಗಲೂ ಚಿಂತೆ ಹುಡುಕಿಕೊಳ್ಳುವ ಮನುಷ್ಯನಿಗೆ ಇದು ಸಾಕಲ್ಲ.

ಪರೀಕ್ಷೆ ಹೀಗೆ. ತಟ್ಟೆಯ ಮೊದಲ ಸಾಲಿನ ಜೀವಕೋಶಗಳಲ್ಲಿ ಹಸಿವಿನ ರಿಸೆಪ್ಟರ್ ಮಾತ್ರ, ಸಾಥೀದಾರ ಇಲ್ಲ. ಅದು ಹಾರ್ಮೋನಿಲ್ಲದೆಯೂ ಮಿಣುಕಬೇಕು. ಎರಡನೆಯದರಲ್ಲಿ ರಿಸೆಪ್ಟರಿನ ಜೊತೆ ಒಳ್ಳೆಯ ಸಾಥೀದಾರ. ಅದು ಹಾರ್ಮೋನು ಹಾಕುವವರೆಗೆ ಕತ್ತಲಾಗಿರಬೇಕು. ಮೂರನೆಯದರಲ್ಲಿ ಸಲ್ಮಾಳ ಸಾಥೀದಾರ. ಅದು ಯಾರ ಹಾಗೆ ನಡೆದುಕೊಳ್ಳುತ್ತದೆ ನೋಡಬೇಕು. ಇದಕ್ಕೆ ಒಂದು ಕಟ್ಟುನಿಟ್ಟು ಇದೆ. ಪರೀಕ್ಷೆಗೆ ಮೊದಲು ಜೀವಕೋಶಗಳನ್ನು ಉಪವಾಸ ಕೆಡವಬೇಕು. ಅವುಗಳ ಮೇವಿನಲ್ಲಿ ಕರುವಿನ ರಕ್ತದ ಸೀರಮ್ ಇರುತ್ತದೆ, ಅದರಲ್ಲಿ ನಾನಾ ಹಾರ್ಮೋನುಗಳಿದ್ದು, ಅವೇ ಜೀವಕೋಶವನ್ನು ಮಿಣುಕಿಸಿಬಿಡಬಹುದು. ಅದನ್ನು ತೆಗೆದು ಬರಿಯ ನೀರುಮೇವಿನಲ್ಲಿ ಇಡಬೇಕು.

ನಾನು ಕಳಸಾಪುರದ ಒಕ್ಕಲು ಮನೆಯಲ್ಲಿ ಬೆಳೆದವನು. ದನಕ್ಕೆ ಮೇವು ಹಾಕದೆ ನಮ್ಮ ಮನೆಯಲ್ಲಿ ಯಾರೂ ರೊಟ್ಟಿ ಮುರಿಯುತ್ತಿರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ತಟ್ಟೆ ನೋಡಿದೆ. ಜೀವಕೋಶಗಳು ಸೊರಗಿದಂತೆ ಕಂಡವು. ಸಲ್ಮಾಳ ಪರೀಕ್ಷೆಯ ದಿನ ಇವು ಸತ್ತರೆ ಏನು ಗತಿ ಎನಿಸಿತು. ಕೈ ತಾನಾಗಿ ಹೋಗಿ ಒಂದು ತೊಟ್ಟು ಒಳ್ಳೆಯ ಮೇವು ಹಾಕಿತು. ಎಲ್ಲ ಗುಳಿಗೂ, ಭೇದ ಮಾಡದೆ.

ಯಂತ್ರ ಬರೆದುಕೊಟ್ಟದ್ದನ್ನು ಮೇಡಮ್ ಮುಂದೆ ಇಟ್ಟೆ. ಸಲ್ಮಾಳ ಸಾಲು ಒಳ್ಳೆಯ ಸಾಥೀದಾರನ ಸಾಲಿನ ಹಾಗೇ ಇತ್ತು. ಎಂದರೆ ಹುಡುಗಿಯ ಪ್ರೋಟೀನಿನಲ್ಲಿ ದೋಷವಿಲ್ಲ. ಎಂದರೆ ಮುಂಡರಗಿ. ಮೇಡಮ್ ಕನ್ನಡಕ ಏರಿಸಿ ಎಂದಿನಂತೆ ಕೇಳಿದರು, ಕಂಟ್ರೋಲ್ ಏನಂತೈತಿ ಎಂದು. ನೋಡಿದರೆ ಸಾಥೀದಾರನಿಲ್ಲದ ಮೊದಲ ಸಾಲೂ ಅಷ್ಟೇ ಮಿಣುಕಿತ್ತು. ಮೂರೂ ಒಂದೇ; ಕತ್ತಲಾಗಿರಬೇಕಾದ ಎರಡನೆಯ ಸಾಲೂ ಹಾರ್ಮೋನು ಹಾಕುವ ಮೊದಲೇ ಮಿಣುಕಿತ್ತು. ಗೊತ್ತಿರುವ ಸಾಲೇ ತಪ್ಪು ಹೇಳುತ್ತಿತ್ತು. ನಾನು ಬೆಳಗಿನ ತೊಟ್ಟು ಮೇವಿನ ವಿಷಯ ಹೇಳಿದೆ.

ಮೇಡಮ್ ಯಂತ್ರದ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. “ಬಸಣ್ಣಾ, ಉಪವಾಸ ಇದ್ದವರಿಗೆ ಉಣಿಸಿದ್ರ ಪುಣ್ಯ ಬರ್ತೈತಿ, ಖರೆ. ಆದ್ರ ನನ್ನ ತಟ್ಟಿಯೊಳಗ ಬ್ಯಾಡ್ರಿ.”

ಮತ್ತೆ ಮಾಡಿದೆವು. ಈ ಸಲ ತಟ್ಟೆಯ ಹತ್ತಿರ ನನ್ನನ್ನು ಬಿಡಲಿಲ್ಲ, ಮೇಡಮ್ ತಾವೇ ಕಾವಲು ಕೂತರು. ಒಳ್ಳೆಯ ಸಾಥೀದಾರನ ಸಾಲು ಹಾರ್ಮೋನು ಹಾಕುವವರೆಗೆ ಕತ್ತಲು, ಹಾಕಿದ ಮೇಲೆ ಬೆಳಕು. ಸಲ್ಮಾಳ ಸಾಲು ಸಾಥೀದಾರನೇ ಇಲ್ಲದ ಸಾಲಿನ ಹಾಗೆ, ಏನೂ ಹಾಕದೆಯೇ ಮಿಣುಕುತ್ತಿತ್ತು. ‘ಸಾಕು’ ಎನ್ನುವ ರಿಸೆಪ್ಟರಿನ ಜೊತೆ ಇಟ್ಟು ನೋಡಿದಾಗ ಅಲ್ಲಿ ದನಿ ಏರಲೇ ಇಲ್ಲ. ಕೇಡಿನ ಹೆಚ್ಚಿನ ಪಾಲು ಅಲ್ಲೇ ಇರಬೇಕು ಎಂದರು ಮೇಡಮ್. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ. ನನಗೆ ಅವತ್ತೇ ಲಕ್ಷ್ಮೇಶ್ವರಕ್ಕೆ ಫೋನು ಮಾಡುವ ಆಸೆ. ಮೇಡಮ್ ತಡೆದರು. ತಟ್ಟೆ ಬೇರೆ, ಕೂಸು ಬೇರೆ ಎಂದರು. ಹುಡುಗಿಯ ರಕ್ತದಲ್ಲಿ ಹಸಿವಿನ ಹಾರ್ಮೋನೇ ವಿಪರೀತ ಇದ್ದರೆ ನಮ್ಮ ಕಥೆ ಅರ್ಧವಾಗುತ್ತದೆ. ಅದನ್ನು ಅಳೆಯಲು ಸಲ್ಮಾ ಹಿಂದಿನ ಸಂಜೆ ಉಂಡ ಮೇಲೆ ಬೆಳಗಿನವರೆಗೆ ಏನೂ ತಿನ್ನಬಾರದು. ಒಂದು ಚೂರು ಬೆಲ್ಲ ತಿಂದರೂ ಹಾರ್ಮೋನು ಇಳಿಯತೊಡಗುತ್ತದೆ.

ಇದನ್ನು ಫೋನಿನಲ್ಲಿ ಹೇಳಿದಾಗ ಆಚೆ ಹುಸೇನಬಿ ನಕ್ಕಳು. ಈ ಹುಡುಗಿ ಒಂದು ತಾಸು ಬಾಯಿ ಮುಚ್ಚಿಕೊಂಡಿದ್ದರೆ ತಾನೇ ಗದಗಕ್ಕೆ ನಡೆದು ಬಂದು ಮೇಡಮ್ಮರಿಗೆ ಸಲಾಮು ಹೇಳುತ್ತೇನೆ ಎಂದಳು. ಹೀಗೆ ಆ ಹದಿನಾಲ್ಕು ಸಾಲಿನ ಪಟ್ಟಿ ಹುಟ್ಟಿತು.

ಮುಂದಿನದನ್ನು ಮೊದಲು ಹೇಳಿಬಿಡುತ್ತೇನೆ. ಬಸ್ಸು ಸಿಕ್ಕಿತು, ನೇರವಾಗಿಯೇ ಹೋಯಿತು. ಐಸು ಐಸಾಗಿಯೇ ಇತ್ತು. ರಕ್ತ ಸಿಕ್ಕಿತು, ಕರೆಂಟು ಇತ್ತು, ಯಂತ್ರ ತಿರುಗಿತು. ತಿಂಗಳ ಮೇಲೆ ಫಲಿತಾಂಶ ಬಂತು. ಹುಡುಗಿಯ ಹಾರ್ಮೋನು ಉಳಿದ ಮಕ್ಕಳಿಗಿಂತ ಹೆಚ್ಚೇನೂ ಇರಲಿಲ್ಲ. ಹಾರ್ಮೋನು ತನ್ನ ಮಿತಿಯಲ್ಲೇ ಇತ್ತು, ಅದರ ಮಾತನ್ನು ಹದಕ್ಕೆ ತರುವವನೇ ಕೆಟ್ಟಿದ್ದ. ಮೇಡಮ್ ಲಕ್ಷ್ಮೇಶ್ವರಕ್ಕೆ ಹೋಗಿ, ಆ ಗಾದಿಗಳ ನಡುವೆ ಕೂತು ಎಲ್ಲವನ್ನೂ ಹೇಳಿದರು. ನಮ್ಮ ಹತ್ತಿರ ಕೊಡುವ ಗುಳಿಗೆ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಎಷ್ಟು ಎಂಬುದು ಮೊದಲೇ ಗೊತ್ತಿರಬೇಕು, ಶಾಲೆಯಲ್ಲಿ ಮಾಸ್ತರ ಪಕ್ಕ ಕೂತು ಉಣ್ಣಬೇಕು. ಹುಸೇನಬಿ ಕಪಾಟಿನ ಕೀಲಿ ಏನು ಮಾಡಲಿ ಎಂದು ಕೇಳಿದಾಗ ಮೇಡಮ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ಕೀಲಿ ಇರ್ಲಿ ಅಮ್ಮಾ. ಕೀಲಿ ಇದ್ರ ಕೂಸಿಗೆ ಸಮಾಧಾನ, ಇಡೀ ದಿನಾ ತನ್ನ ಜೋಡಿ ತಾನು ಗುದ್ದಾಡೂದು ತಪ್ಪತೈತಿ. ಕಳ್ಳಿ ಅನ್ನೂದಷ್ಟs ಬ್ಯಾಡ.”

ಮಾಸ್ತರಿಗೆ ಮೇಡಮ್ ಕಾಗದವನ್ನೂ ಬರೆದುಕೊಟ್ಟರು. ಸಲ್ಮಾ ಈಗಲೂ ಅದೇ ಶಾಲೆಯಲ್ಲಿದ್ದಾಳೆ, ಆರನೆಯ ಇಯತ್ತೆ. ಆದರೆ ಖರೆ ಹೇಳಬೇಕೆಂದರೆ, ಮುಂಡರಗಿಯ ಮಾತು ಫಲಿತಾಂಶ ಬರುವ ಮೊದಲೇ ಮುಗಿದಿತ್ತು. ಮುಗಿದದ್ದು ವಿಜ್ಞಾನದಿಂದಲ್ಲ, ಹದಿನೈದನೆಯ ಸಾಲಿನಿಂದ.

ಆ ಬೆಳಿಗ್ಗೆ ನಾನು ಹೋದಾಗ ದಾವಲಬಿ ಮಗಳನ್ನು ತೊಡೆಯ ಹತ್ತಿರ ಕೂರಿಸಿಕೊಂಡಿದ್ದಳು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಸಂಜೆಯಿಂದ ಏನೂ ತಿಂದಿಲ್ಲ, ನೀರಷ್ಟೇ ಎಂದಳು. ಹುಸೇನಬಿ ಹೊಸ್ತಿಲ ಮೇಲೆ ಕೂತಿದ್ದಳು, ಸೊಂಟದ ಕೀಲಿಕೈ ಹಿಡಿದುಕೊಂಡು, ನಂಬದ ಮುಖ ಮಾಡಿ. ಸಲ್ಮಾ ನನ್ನ ಡಬ್ಬಿಯನ್ನು ನೋಡಿದಳು, ಸೂಜಿಯನ್ನು ನೋಡಿದಳು, ತುಟಿ ನಡುಗಿತು.

ಮಕ್ಕಳ ತುಟಿ ನಡುಗಿದರೆ ನನ್ನ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಮಕ್ಕಳ ರಕ್ತ ತೆಗೆಯುವಾಗಿನ ಇಪ್ಪತ್ತು ವರ್ಷದ ರೂಢಿ. ಅಂಗಿಯ ಕಿಸೆಯಿಂದ ಒಂದು ಗುಲಾಬಿ ಪೆಪ್ಪರಮಿಂಟು ತೆಗೆದೆ. ಮಕ್ಕಳಿಗೆ ಕಷ್ಟವಾಗಬಾರದೆಂದು ಕಾಗದವನ್ನೂ ನಾನೇ ಬಿಚ್ಚುತ್ತೇನೆ. ಬಿಚ್ಚಿ ಅವಳ ಎಡಗೈಯಲ್ಲಿಟ್ಟು, ಬಲಗೈ ಚಾಚು, ಮುಷ್ಟಿ ಕಟ್ಟು, ನೀ ಶಾಣ್ಯಾ ಅದೀ ಎನ್ನುತ್ತ ತೋಳಿಗೆ ರಬ್ಬರು ಪಟ್ಟಿ ಬಿಗಿದು ನರ ಹುಡುಕಿದೆ. ಸಿಕ್ಕಿತು. ಹುಡುಗಿ ಅಲುಗಲಿಲ್ಲ. ಒತ್ತಿ ಹಿಡಿಯಲು ಅರಳೆ ತೆಗೆಯಹೋದರೆ ಮೌಲಾಸಾಬ, ನಮ್ಮನ್ಯಾಗ ಅರಳಿಗೆ ಬರ ಇಲ್ರಿ ಎಂದ. ಎಲ್ಲರೂ ನಕ್ಕರು. ನಾನೂ ನಗುತ್ತ ನಳಿಕೆಯನ್ನು ಐಸಿನಲ್ಲಿ ಇಟ್ಟು, ಪಟ್ಟಿಯ ಎಲ್ಲ ಸಾಲೂ ದಾಟಿದೆವು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ಕಂಡಿತು, ಚಾಪೆಯ ಮೇಲೆ, ಪೆಪ್ಪರಮಿಂಟಿನ ಬಿಚ್ಚಿದ ಕಾಗದ.

ಆ ಕೂಸು ಎಷ್ಟು ಕಷ್ಟಪಟ್ಟು ಬಾಯಿ ಕಟ್ಟಿದ್ದಳೋ, ಅದಕ್ಕೆ ಸಕ್ಕರೆ ಸುರಿದವನು ನಾನು. ಜೀವಕೋಶಗಳಿಗೆ ಮೇವು ಹಾಕಿದ ಅದೇ ಕೈ. ಹುಸೇನಬಿಯೂ ಕಾಗದ ನೋಡಿದಳು, ನನ್ನನ್ನು ನೋಡಿದಳು.

“ಕೊಟ್ಟವ್ರು ನೀವs ಯಪ್ಪಾ,” ಎಂದಳು. “ಅದು ಇನ್ನs ಇರತೈತೇನು? ನುಂಗಿ ನೀರು ಕುಡದಿರತಾಳ.”

ಸಲ್ಮಾ ಅಜ್ಜಿಯ ಕಡೆ ತಿರುಗಲಿಲ್ಲ. ನನ್ನ ಮುಂದೆ ಎಡಗೈ ಚಾಚಿ ಮುಷ್ಟಿ ಬಿಚ್ಚಿದಳು. ಪೂರ್ತಿ ಬಿಚ್ಚಲು ಬರಲಿಲ್ಲ, ಬೆರಳುಗಳು ಅಂಟಿಕೊಂಡಿದ್ದವು. ಬೆವರಿಗೆ ಕರಗಿ ಅರ್ಧವಾದ ಪೆಪ್ಪರಮಿಂಟು ಅಂಗೈ ನಡುವೆ ಕೂತಿತ್ತು.

“ಸೂಜಿ ಆದ ಮ್ಯಾಲ ತಿನ್ನೂದು ಅಂತ ಅವ್ವ ಹೇಳ್ಯಾಳ್ರಿ ಕಾಕಾ. ಈಗ ತಿನ್ನಲ್ರೆ?”

ಹುಸೇನಬಿ ಹೊಸ್ತಿಲು ಬಿಟ್ಟು ಎದ್ದು ಬಂದು ಮೊಮ್ಮಗಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟದ ಕೀಲಿಕೈ ಬಿಚ್ಚಿ ಸೊಸೆಯ ಮುಂದೆ ಹಿಡಿದಳು.

“ರೊಟ್ಟಿ ತಗಿ, ದಾವಲಬೀ. ಮುಂಡರಗಿಗೆ ಫೋನ್ ಮಾಡಿ ಬರೂದಿಲ್ಲಂತ ಹೇಳು.”

ಗದಗಕ್ಕೆ ಬಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ. ಮುಚ್ಚಿಡಬಾರದು ಎಂಬುದೂ ಈ ಕೆಲಸದಲ್ಲಿ ಕಲಿಯಬೇಕಾದ್ದೇ. ‘ತಂತ್ರಜ್ಞರ ತಪ್ಪಿನಿಂದ ರಕ್ತ ತೆಗೆಯುವ ಮುನ್ನ ಒಂದು ಪೆಪ್ಪರಮಿಂಟು ಕೊಡಲಾಯಿತು. ಹುಡುಗಿ ತಿನ್ನಲಿಲ್ಲ.’ ಮೇಡಮ್ ಅದನ್ನು ಓದಿ, ಪಕ್ಕದಲ್ಲಿ ಸಹಿ ಮಾಡಿ, ನೋಟ್‌ಬುಕ್ಕು ವಾಪಸು ಕೊಟ್ಟರು. ಆವತ್ತೊಂದು ದಿನ ಅವರು ಕಂಟ್ರೋಲ್ ಏನಂತೈತಿ ಎಂದು ಕೇಳಲಿಲ್ಲ.